ನಾಲ್ಕು ಬೆರಳು ಬಿಟ್ಟು

ಇಬ್ಬನಿ ಆರಲಿ, ಅಂದರು ದ್ರಾನೆ ಅತ್ತೆ,
ಕುಡುಗೋಲಿಗೆ ಅವಸರ ಇರುತ್ತದೆ, ಎಲೆಗಿರುವುದಿಲ್ಲ.
ಕಲ್ಲುಗೋಡೆಯ ಮೇಲೆ ಕೂತು ಕಾದೆವು
ರೊಟ್ಟಿ, ಉಪ್ಪುಗಿಣ್ಣು ಮಡಿಲಲ್ಲಿಟ್ಟುಕೊಂಡು.
ಕೆಳಗೆ ಕೊಪ್ಲಿಕ್ಕಿನ ಬಯಲು,
ಅದರಾಚೆಯ ಸರೋವರ ಇನ್ನೂ ಮಂಜಿನೊಳಗೇ ಇತ್ತು.

ಶೆರೆಬೆಲ ಎನ್ನುತ್ತೇವೆ ನಾವು.
ಕೊಳ್ಳುವವರು ಪೆಟ್ಟಿಗೆಯ ಮೇಲೆ ಬರೆಯುವುದು ಸೇಜ್ ಎಂದು.
ಕತ್ತೆಮರಿಯ ಕಿವಿಯ ಬೂದುಬಣ್ಣ, ಅಷ್ಟೇ ಮೆತ್ತಗೆ.
ಬೆರಳಲ್ಲಿ ಹೊಸಕಿದರೆ ಮಾತ್ರ
ಮೂಗಿನ ಮೂಳೆವರೆಗೂ ಏರುತ್ತದೆ ಅದರ ಸಿಟ್ಟು.

ಮರವಾದ ಬುಡ ಮುಟ್ಟಬೇಡ,
ನಾಲ್ಕು ಬೆರಳು ಬಿಟ್ಟು ಕೊಯ್ಯಿ.
ಯಾರ ಬೆರಳು? ಕೇಳಿದ್ದೆ, ಮದುವೆಯಾಗಿ ಬಂದ ವರ್ಷ.
ಅತ್ತೆ ತಮ್ಮ ಕೈಯನ್ನೇ ಗಿಡಕ್ಕೆ ಅಡ್ಡ ಇಟ್ಟು ತೋರಿಸಿದ್ದರು,
ಗಂಟುಬಿದ್ದ, ಪೂರ್ತಿ ಮಡಿಸಲಾಗದ ನಾಲ್ಕು.
ನನ್ನ ಕೈಯಲ್ಲಿ ಅದು ಐದು.
ಈಗಲೂ ಅವರ ಕೈಯಲ್ಲೇ ಅಳೆಯುತ್ತೇನೆ.

ಮೊದಲ ಬೆಳೆ ಕೆಟ್ಟದ್ದು ಬಂಕರಿನಲ್ಲಿ.
ಪಾಷ್ಕ್ ಮಾವ ಇಪ್ಪತ್ತರ ಹರೆಯದಲ್ಲಿ ಸಿಮೆಂಟು ಕಲಸಿ
ಇನ್ನೂ ಹನ್ನೊಂದು ಜನರ ಜೊತೆ ಕಟ್ಟಿದ್ದು ಅದನ್ನು,
ಬಾರದ ಸೈನ್ಯವೊಂದಕ್ಕಾಗಿ.
ಬೋರಲು ಹಾಕಿದ ಬಾಣಲೆಯಂತೆ ಹೊಲದ ನಡುವೆ ಕೂತಿದೆ,
ಅಗೆಯಲಾಗದು, ಒಡೆಯಲಾಗದು, ಸುತ್ತು ಹಾಕಿ ಉಳಬೇಕು.
ನೆರಳಿದೆ, ತಂಪಿದೆ, ಒಣಗಿಸಲು ಇನ್ನೇನು ಬೇಕು ಎಂದು
ಹಗ್ಗ ಬಿಗಿದು ತೂಗುಹಾಕಿದೆವು ಕಟ್ಟು ಕಟ್ಟು.
ಗಾಳಿಗಿದ್ದ ದಾರಿ ಒಂದೇ, ಬಂದೂಕಿನ ಸೀಳು.
ಒಂಬತ್ತನೇ ದಿನ ಬಾಗಿಲು ಸರಿಸಿದಾಗ
ಎಲೆಯ ಮೇಲೆ ಇನ್ನೊಂದು ಬಗೆಯ ಬಿಳುಪು.
ಮಾವ ಒಳಹೊಕ್ಕು ಗೋಡೆ ಸವರಿದರು. ಬೆವರುತ್ತಿತ್ತು.
"ಗುಂಡು ತಡೆಯಲೆಂದು ಕಟ್ಟಿಸಿದರು," ಅಂದರು,
"ಉಸಿರಾಡಲೆಂದಲ್ಲ."
ಆಮೇಲೆ ಆಡುಗಳಿಗೆ ಬಿಟ್ಟೆವು. ಅವುಗಳದ್ದೇನೂ ದೂರಿಲ್ಲ.

ಈಗ ಒಣಗುವುದು ಅಟ್ಟದಲ್ಲಿ, ಜಂತಿಗಳ ಕೆಳಗೆ,
ಎರಡೂ ಕಡೆಯ ಕಿಟಕಿ ತೆರೆದಿಟ್ಟು.
ಮಗಳು ಮ್ರಿಕ ಅದರಡಿಯಲ್ಲೇ ಕೂತು ಮಗ್ಗಿ ಓದುತ್ತಾಳೆ.
ಅವಳ ಪುಸ್ತಕ, ಜಡೆ, ಕೂರುವ ಬೆಂಚು ಕೂಡ
ಶೆರೆಬೆಲ ನಾರುತ್ತದೆಂದು ಟೀಚರು ದೂರಿದರಂತೆ,
ಗಂಟಲು ಕಟ್ಟಿದ ವಾರ
ಅದನ್ನೇ ಒಂದು ಹಿಡಿ ಕೇಳಿ ಕಳಿಸಿದರು.

ಕಡ್ಡಿಯನ್ನೂ ಬಿಸಾಡುವುದಿಲ್ಲ,
ಕೆಳಗಿನೂರಿನ ತಾಮ್ರದ ಹಂಡೆಗೆ ಹೋಗುತ್ತದೆ.
ಗಾಡಿ ತುಂಬ ಬೇಯಿಸಿದರೆ ಒಂದು ಸಣ್ಣ ಬಾಟಲಿ ಎಣ್ಣೆ.
ಹಂಡೆ ಕಾಯುವ ನ್ದೋಕ್ ಹೇಳುವುದು,
ಮೂವತ್ತು ವರ್ಷದಿಂದ ಸೊಳ್ಳೆ ಹತ್ತಿರ ಸುಳಿದಿಲ್ಲ,
ಹೆಂಡತಿಯೂ.

ಹೋದ ಬೇಸಗೆ ಫ್ರೋಕ್ ಬಂದ ವ್ಯಾನು ತಗೊಂಡು.
ಚೀಲದೊಳಗೆ ಭುಜದವರೆಗೆ ತೋಳಿಳಿಸಿ ತಳ ಕೆದಕಿದ,
ಕರು ಎಳೆಯುವವನ ಹಾಗೆ.
ಎಲೆಯ ತೊಟ್ಟನ್ನು ಕಿವಿಯ ಬಳಿ ಹಿಡಿದು ಮುರಿದ,
ಲಟಕ್ಕೆಂದಿತು, ತಲೆಯಾಡಿಸಿದ.
ಆಮೇಲೆ ಅಂಗೈ ಬಿಚ್ಚಿ ತೋರಿಸಿದ, ಎರಡು ಹರಳು.
ಕಲ್ಲಿಗೂ ದುಡ್ಡು ಕೊಡಬೇಕಾ, ದ್ರಾನೆ?
ಕಿಲೋಗೆ ಹದಿನೈದು ಲೆಕ್ ಕಡಿದ.
ಅತ್ತೆ ಆ ಎರಡನ್ನೂ ಇಸಿದುಕೊಂಡು
ಏಪ್ರನ್ನಿನ ಜೇಬಿಗೆ ಹಾಕಿಕೊಂಡರು,
ನಮ್ಮದು ನಮಗಿರಲಿ ಎಂಬಂತೆ.

ಮಾವ ಹೊಲದ್ದನ್ನು ಕುಡಿಯುವುದಿಲ್ಲ.
ಮೇಲೆ ಬಂಡೆಯ ಬಿರುಕಿನಲ್ಲಿ
ಯಾರೂ ನೆಡದೆ ಬೆಳೆದದ್ದೇ ಆಗಬೇಕು.
ಜನವರಿಯಲ್ಲಿ ಹಿಮ ಹಾದಿ ಮುಚ್ಚಿತ್ತು, ಕೆಮ್ಮು ಜೋರಿತ್ತು.
ಹೊಲದೆಲೆಯನ್ನೇ ಕುದಿಸಿ, ಜೇನು ಬೆರೆಸಿ, ಏನೂ ಹೇಳದೆ ಕೊಟ್ಟೆ.
ಕಣ್ಣುಮುಚ್ಚಿ ಕುಡಿದರು. ಲೋಟ ಓರೆ ಮಾಡಿ ತಳ ನೋಡಿದರು.
"ಕಹಿ ಸರಿಯಾಗಿದೆ," ಅಂದರು,
"ಕಲ್ಲಿನ ರುಚಿಯೊಂದು ಇಲ್ಲ."

ಅತ್ತೆ ಒಲೆಯ ಕಡೆಯಿಂದ ತಿರುಗದೆಯೇ
ಏಪ್ರನ್ನಿನ ಜೇಬು ಕುಲುಕಿದರು.

ಮಾವ ನಗಲು ಹೋದದ್ದು ಕೆಮ್ಮಾಯಿತು.
ಇನ್ನರ್ಧ ಲೋಟ ಕೇಳಿದರು.